ಮೂರಡಿಯ ಕಾಲೊರಸು, ಉಳ್ಳೂರಿನ ಮಳೆ

ತಿರುವನಂತಪುರಕ್ಕೆ ಬಂದು ಹನ್ನೊಂದು ವರ್ಷವಾಯಿತು. ನಮ್ಮೂರು ತಿಪಟೂರು ಕಡೆ ಎಂದರೆ, "ತೆಂಗಿನ ನಾಡಿಂದ ತೆಂಗಿನ ನಾಡಿಗೇ ಬಂದ್ರಾ?" ಎಂದು ಇಲ್ಲಿನವರು ನಗುತ್ತಾರೆ. ಉಳ್ಳೂರ್ ಜಂಕ್ಷನ್ನಿನಿಂದ ಮೆಡಿಕಲ್ ಕಾಲೇಜಿನ ಕಡೆ ಹೋಗುವ ರಸ್ತೆಯಲ್ಲಿ ನಾಲ್ಕು ಮಹಡಿಯ ಒಂದು ಕಟ್ಟಡದ ಉಸ್ತುವಾರಿ ನನ್ನದು. ಕೆಳಗೆ ಔಷಧಿ ಅಂಗಡಿ, ಲ್ಯಾಬ್. ಮೇಲೆ ಕಣ್ಣಿನ ಡಾಕ್ಟರು, ಆಡಿಟರ್, ಒಂದು ಟ್ಯೂಷನ್ ಸೆಂಟರ್. ಲಿಫ್ಟ್ ಕೆಟ್ಟರೂ ನಾನೇ, ನಲ್ಲಿ ಸೋರಿದರೂ ನಾನೇ. ಆದರೆ ಬಾಗಿಲಲ್ಲಿ ಬಿದ್ದಿರುವ ಕಾಲೊರಸಿಗೂ ನಾನೇ ಜವಾಬ್ದಾರ ಎಂದು ಗೊತ್ತಾಗಿದ್ದು ಒಬ್ಬರ ಕೈ ಮುರಿದ ಮೇಲೆ.

ಉಳ್ಳೂರ್ ಎಂದರೆ ಮಲಯಾಳಿಗಳಿಗೆ ಮೊದಲು ನೆನಪಾಗುವುದು ಮಹಾಕವಿ ಉಳ್ಳೂರ್ ಎಸ್. ಪರಮೇಶ್ವರ ಅಯ್ಯರ್. ನನಗೆ ನೆನಪಾಗುವುದು ಜೂನ್ ತಿಂಗಳ ಗ್ರಾನೈಟ್ ನೆಲ. ಕನ್ನಡಿಯಂಥ ಪಾಲಿಶ್ ಹಾಕಿಸಿದ್ದರು ಮಾಲೀಕರು. ಬಿಸಿಲಲ್ಲಿ ನೋಡಲು ಚೆಂದ. ಮಳೆ ಹಿಡಿದ ಮೇಲೆ ಅದರ ಮೇಲೆ ನಡೆಯುವುದು ಪಾಚಿಗಟ್ಟಿದ ಬಾವಿಕಟ್ಟೆಯ ಮೇಲೆ ನಡೆದ ಹಾಗೆ.

ಬಾಗಿಲಲ್ಲಿ ಎರಡಡಿ ಅಗಲ, ಮೂರಡಿ ಉದ್ದದ ಒಂದು ನಾರಿನ ಮ್ಯಾಟ್ ಇತ್ತು. ಬೆಳಿಗ್ಗೆ ಇಪ್ಪತ್ತು ಜನ ಕಾಲಿಟ್ಟರೆ ನೆಂದು ಮುದ್ದೆ. ಆಮೇಲೆ ಬಂದವರ ಕಾಲನ್ನು ಅದು ಒರೆಸುತ್ತಿರಲಿಲ್ಲ, ಇನ್ನಷ್ಟು ತೋಯಿಸಿ ಒಳಗೆ ಕಳಿಸುತ್ತಿತ್ತು. ನೆಲ ಒದ್ದೆ ಎಂದು ಬಾಡಿಗೆದಾರರು ದೂರಿದರೆ ನಾನು ಹೌಸ್‌ಕೀಪಿಂಗ್ ಚೇಚಿಗೆ ಹೇಳುತ್ತಿದ್ದೆ, "ಅರ್ಧ ಗಂಟೆಗೊಮ್ಮೆ ಮಾಪ್ ಹಾಕಿ." ಗಾಳಿಯೇ ನೀರಾಗಿರುವ ಆ ದಿನಗಳಲ್ಲಿ ಮಾಪ್ ಹಾಕಿದ ನೆಲ ಒಣಗುವುದಾದರೂ ಹೇಗೆ? ನೀರನ್ನು ಒಂದು ಮೂಲೆಯಿಂದ ಇಡೀ ಹಾಲ್‌ಗೆ ತೆಳ್ಳಗೆ ಬಳಿದ ಹಾಗಾಯಿತು, ಅಷ್ಟೇ. ಹಾಗೆ ಬಳಿದ ನೆಲದ ಮೇಲೇ ಚೇಚಿ ಬಕೆಟ್ ಹಿಡಿದು ಬರುವಾಗ ಜಾರಿದರು. ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ಗುತ್ತಿಗೆದಾರ "ಕೆಲಸ ಇಲ್ಲ, ಕೂಲಿ ಇಲ್ಲ" ಎಂದ. ಮಾಲೀಕರ ಜೊತೆ ಎರಡು ದಿನ ವಾದ ಮಾಡಿ ಅರ್ಧ ಸಂಬಳ ಕೊಡಿಸಿದೆ. ಅರ್ಧ ಮಾತ್ರ. ಹೇಳಿಕೊಳ್ಳುವಂಥ ಸಾಧನೆಯಲ್ಲ, ಅದರಲ್ಲೂ ಅರ್ಧ ಗಂಟೆಗೊಮ್ಮೆ ಮಾಪ್ ಹಾಕಿಸಿದವನು ನಾನೇ ಆಗಿರುವಾಗ.

ಮಾರನೇ ದಿನ ಹಳದಿ ಎಚ್ಚರಿಕೆ ಬೋರ್ಡ್ ಬಂತು. ಲ್ಯಾಬಿಗೆ ಬರುವ ವಯಸ್ಸಾದವರು ಬೋರ್ಡ್ ಓದುತ್ತಾ ನಡೆಯುತ್ತಾರೆಯೇ? ನಾನು ಕುರ್ಚಿ ಹಾಕಿಕೊಂಡು ಬಾಗಿಲಲ್ಲಿ ಕುಳಿತು ಜನರ ಕಾಲು ನೋಡತೊಡಗಿದೆ. ಮಾಮೂಲು ಹೆಜ್ಜೆ ಸುಮಾರು ಎರಡೂವರೆ ಅಡಿ. ಮೂರಡಿ ಮ್ಯಾಟ್ ಮೇಲೆ ಬೀಳುವುದು ಒಂದೇ ಕಾಲು. ಎಡಗಾಲು ಅಷ್ಟಿಷ್ಟು ಒರೆಸಿಕೊಂಡರೆ ಬಲಗಾಲು ಹಾಗೇ ಒಳಗೆ! ಒಂದೊಂದು ಕಾಲೂ ಎರಡೆರಡು ಸಲ ಬೀಳಬೇಕೆಂದರೆ ನಾಲ್ಕು ಹೆಜ್ಜೆ, ಅಂದರೆ ಹತ್ತಡಿ. ನಿಂತು ಕಾಲು ಉಜ್ಜುವವರು ನೂರಕ್ಕೆ ನಾಲ್ಕೋ ಐದೋ. ಉಳಿದವರ ಕಾಲನ್ನು ನಡೆಯುವಾಗಲೇ ಒರೆಸಬೇಕು.

ಇಲ್ಲಿ ಇನ್ನೊಂದು ತೊಡಕು. ಕೇರಳದಲ್ಲಿ ಎಷ್ಟೋ ಕ್ಲಿನಿಕ್, ಲ್ಯಾಬ್‌ಗಳಲ್ಲಿ ಚಪ್ಪಲಿ ಹೊರಗೇ ಬಿಡಬೇಕು. ಚಪ್ಪಲಿಯ ರಾಶಿ ಸರಿಯಾಗಿ ಮ್ಯಾಟ್ ಮೇಲೇ ಬೀಳುತ್ತಿತ್ತು. ಅದನ್ನು ದಾಟಲು ಜನ ಉದ್ದ ಹೆಜ್ಜೆ ಹಾಕುತ್ತಿದ್ದರು, ಅದೂ ಒದ್ದೆ ಬರಿಗಾಲಲ್ಲಿ. ಜೊತೆಗೆ ಎಲ್ಲರ ಕೈಯಲ್ಲೂ ಸೋರುವ ಕೊಡೆ.

ಆಲಪ್ಪುಳಕ್ಕೆ ಹೋಗಿಬರೋಣ ಎನಿಸಿತು. ತಮಾಷೆ ನೋಡಿ, ಈ ನಾಡಿನ ಹೆಸರಾಂತ ಕೊಡೆಗಳಾದ ಪಾಪ್ಪಿ, ಜಾನ್ಸ್ ಎರಡೂ ಆ ಊರಿನವೇ, ಕೊಡೆಯ ನೀರು ಕುಡಿಯುವ ಮ್ಯಾಟೂ ಆ ಊರಿನದೇ. 1859ರಲ್ಲಿ ಜೇಮ್ಸ್ ಡ್ಯಾರಾ ಎಂಬಾತ ಅಲ್ಲಿ ನಾರಿನ ಮೊದಲ ಕಾರ್ಖಾನೆ ಹಾಕಿದ. ಇಂದು ಕಾಯರ್ ಬೋರ್ಡಿನ ಮುಖ್ಯ ಕಚೇರಿ ಕೊಚ್ಚಿಯಲ್ಲಿದ್ದರೆ, ಅದರ ಸಂಶೋಧನಾ ಸಂಸ್ಥೆ ಆಲಪ್ಪುಳದ ಕಲವೂರಿನಲ್ಲಿದೆ. ಮಲಯಾಳದ 'ಕಯರ್' ಎಂದರೆ ಹಗ್ಗ. ಇಂಗ್ಲಿಷಿನವರ 'ಕಾಯರ್' ಹುಟ್ಟಿದ್ದು ಅದರಿಂದ. ಮ್ಯಾಟ್‌ಗಳಲ್ಲಿ ಕ್ರೀಲ್, ರಾಡ್, ಫೈಬರ್ ಎಂದೆಲ್ಲ ಜಾತಿಗಳಿವೆ. ಒಂದರ ಹೆಸರು 'ಕರ್ನಾಟಿಕ್'! ಪರವೂರಲ್ಲಿ ನೆಂಟರು ಸಿಕ್ಕಷ್ಟು ಖುಷಿಯಾಯಿತು.

ಇಲ್ಲಿನ ಹೊಂಬಣ್ಣದ ನಾರು ಬರುವುದು ಎಳೆ ಮಟ್ಟೆಯಿಂದ. ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಬಡಿದು ತೆಗೆಯುತ್ತಾರೆ. ನಮ್ಮ ಕಡೆಯದು ಬೇರೆ ಕಥೆ. ಕೊಬ್ಬರಿಗೆಂದು ಕಾಯಿಯನ್ನು ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಲು ಬಿಟ್ಟು ಆಮೇಲೆ ಸುಲಿಯುವುದರಿಂದ ಮಟ್ಟೆ ಕಂದಾಗಿ, ಗಟ್ಟಿಯಾಗಿರುತ್ತದೆ. ನಾನು ಹುಡುಗನಾಗಿದ್ದಾಗ ಅದನ್ನೆಲ್ಲ ಸ್ನಾನದ ಹಂಡೆಯ ಒಲೆಗೆ ತುಂಬುತ್ತಿದ್ದೆವು. ಎಷ್ಟು ಕಾಲೊರಸು ಉರಿದುಹೋದವೋ!

ಅಂಗಡಿಯ ಹಿರಿಯರೊಬ್ಬರು ನನ್ನ ಮಾತೆಲ್ಲ ಕೇಳಿ, ವ್ಯಾಪಾರ ಬಿಟ್ಟು ಬುದ್ಧಿ ಹೇಳಿದರು. ನಾರು ಮಣ್ಣು ಕೆರೆಯುವುದರಲ್ಲಿ ಗಟ್ಟಿಗ, ನೀರಿಗೆ ಅದೊಂದನ್ನೇ ನಂಬಬೇಡಿ, ಮಳೆಗಾಲದಲ್ಲಿ ಬೇಗ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ ಎಂದರು. ನಾರನ್ನೇ ಮಾರುವ ಮನುಷ್ಯ ಹೀಗೆ ಹೇಳಿದ್ದು ನನಗೆ ದೊಡ್ಡದಾಗಿ ಕಂಡಿತು.

ಮೊದಲು ಸೂರಿನ ಕೆಳಗೆ, ಮೆಟ್ಟಿಲ ಬಳಿ, ತೂತುಗಳಿರುವ ರಬ್ಬರ್ ಮ್ಯಾಟ್. ಉಳ್ಳೂರಿನ ಕೆಮ್ಮಣ್ಣು, ಮರಳು ಅಲ್ಲೇ ಉದುರಬೇಕು, ಇಲ್ಲದಿದ್ದರೆ ಅದೇ ಮರಳು ಪಾಲಿಶನ್ನು ಉಪ್ಪುಕಾಗದದಂತೆ ಉಜ್ಜಿ ತೆಗೆಯುತ್ತದೆ. ಆಮೇಲೆ ಬಾಗಿಲಲ್ಲಿ ಪಿವಿಸಿ ತಳದ ನಾರಿನದು. ಒಳಗೆ ನೀರು ಹೀರುವ, ರಬ್ಬರ್ ತಳದ ಉದ್ದನೆಯ ಹಾಸು. ಹಾಸು ಎರಡು ಜೊತೆ, ಒಂದು ನೆಂದಾಗ ಇನ್ನೊಂದು. ಚಪ್ಪಲಿಗೆ ಪಕ್ಕದಲ್ಲಿ ಸ್ಟ್ಯಾಂಡ್, ಕೊಡೆಗೆ ಎರಡು ಬಕೆಟ್. ನೆಲ ಕೊರೆದು ಮ್ಯಾಟ್ ಕೂರಿಸಿದರೆ ಇನ್ನೂ ಒಳ್ಳೆಯದು, ಅಂಚು ಎಡವುವುದಿಲ್ಲ. ಆದರೆ ಆ ಗುಂಡಿಯಿಂದ ನೀರು ಹೋಗಲು ದಾರಿ ಬೇಕು, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ. ಮಾಲೀಕರು ಗ್ರಾನೈಟ್ ಕೊರೆಯಲು ಬಿಡಲಿಲ್ಲ. ಇಳಿಜಾರು ಅಂಚಿನದನ್ನೇ ತಂದೆ. ಅಂಚು ಸುರುಳಿ ಎದ್ದ ಮ್ಯಾಟ್ ಒದ್ದೆ ನೆಲಕ್ಕಿಂತ ಅಪಾಯ. ವಾಕರ್ ಹಿಡಿದು ಬರುವವರಿಗೆ, ಗಾಲಿಕುರ್ಚಿಯವರಿಗೆ ಅರ್ಧ ಇಂಚೂ ಗೋಡೆಯೇ.

ಇಷ್ಟಕ್ಕೆ ಒಪ್ಪಿದ ಮಾಲೀಕರಿಗೆ ಒಂದಾಸೆ ಹುಟ್ಟಿತು. ಹಾಸಿನ ಮೇಲೆ ಕಟ್ಟಡದ ಹೆಸರು ಅಚ್ಚು ಹಾಕಿಸೋಣ ಎಂದರು. ಕಟ್ಟಡಕ್ಕಿರುವುದು ದೇವಿಯ ಹೆಸರು. ಅಷ್ಟರಲ್ಲಿ ಚೇಚಿ ಕೆಲಸಕ್ಕೆ ಮರಳಿದ್ದರು, ಮಣಿಕಟ್ಟಿನ ಬಿಗಿ ಇನ್ನೂ ಬಿಟ್ಟಿರಲಿಲ್ಲ. ಮಾಪ್ ಗೋಡೆಗೊರಗಿಸಿ ಕೇಳಿದರು, "ಸಾರೇ, ಇದಕ್ಕೆ ನಾವು ಅನ್ನುವುದೇ ಚವಿಟ್ಟಿ ಅಂತ. ದೇವಿಯನ್ನ ಚವಿಟ್ಟುವುದಾ?" ಚವಿಟ್ಟುವುದೆಂದರೆ ಮೆಟ್ಟುವುದು. ಅಕ್ಷರಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಂಡು ಬೆಳೆದ ನನಗೆ ಬೇರೆ ವಿವರಣೆ ಬೇಕಿರಲಿಲ್ಲ. ಮಾಲೀಕರೂ ಸುಮ್ಮನಾದರು. ಬೂದುಬಣ್ಣದ ಖಾಲಿ ಹಾಸು ಬಂತು.

ಈಗ ತುಲಾವರ್ಷ. ಮಧ್ಯಾಹ್ನ ಮೂರಕ್ಕೆ ಗುಡುಗು ಶುರುವಾಗುತ್ತದೆ. ಎರಡೂವರೆಗೇ ಚೇಚಿ ತಾರಸಿಗೆ ಕೂಗುತ್ತಾರೆ, ನಾನು ಒಣಗಿದ ಹಾಸನ್ನು ಹೆಗಲ ಮೇಲೆ ಹೊತ್ತು ಇಳಿಯುತ್ತೇನೆ. ಅವರು ಎಡಗೈಯಲ್ಲಿ ಅಂಚು ಹಿಡಿದು ಬಿಚ್ಚುತ್ತಾರೆ, ಇನ್ನೊಂದು ಅಂಚು ನನ್ನದು.