ಮೂರು ದಾರಿಯ ಯಂತ್ರವನ್ನು ನಿಲ್ಲಿಸುವ ವಿದ್ಯೆ

2011ರ ನವೆಂಬರ್‌ನಲ್ಲಿ ಅಮೆರಿಕದ ಅಲಬಾಮಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವನ್ನು ಎದುರಿಸಲು ಜಾರ್ಜಿಯಾ ಸದರ್ನ್ ಎಂಬ ತಂಡ ಕಣಕ್ಕಿಳಿಯಿತು. ಅದು ಒಂದು ಮೆಟ್ಟಿಲು ಕೆಳಗಿನ ದರ್ಜೆಯಲ್ಲಿ ಆಡುತ್ತಿದ್ದ ತಂಡ. ಅಲಬಾಮಾದ್ದು ಆ ವರ್ಷ ಇಡೀ ದೇಶದಲ್ಲೇ ಅತ್ಯಂತ ಗಟ್ಟಿಯಾದ ರಕ್ಷಣಾಪಡೆ. ಚೆಂಡು ಹಿಡಿದು ಓಡುವ ಎದುರಾಳಿಗಳಿಗೆ ಅದು ಪಂದ್ಯವೊಂದಕ್ಕೆ ಸರಾಸರಿ 72 ಗಜದಷ್ಟು ಜಾಗವನ್ನು ಮಾತ್ರ ಬಿಟ್ಟುಕೊಟ್ಟಿತ್ತು. ಜಾರ್ಜಿಯಾ ಸದರ್ನ್ ಅಂದು 302 ಗಜ ಓಡಿತು. ಪಂದ್ಯವನ್ನು ಅಲಬಾಮಾ 45-21ರಿಂದ ಗೆದ್ದಿತು, ಆ ಋತುವಿನ ರಾಷ್ಟ್ರೀಯ ಪಟ್ಟವೂ ಅದಕ್ಕೇ ಸಿಕ್ಕಿತು. ಆದರೂ ಆ 302 ಗಜಗಳು ಒಂದು ಪ್ರಶ್ನೆಯನ್ನು ಉಳಿಸಿದವು. ಬಲದಲ್ಲೂ ವೇಗದಲ್ಲೂ ಮುಂದಿದ್ದವರು ಅಷ್ಟೊಂದು ನೆಲವನ್ನು ಏಕೆ ಬಿಟ್ಟುಕೊಟ್ಟರು? ಉತ್ತರವಿರುವುದು ಜಾರ್ಜಿಯಾ ಸದರ್ನ್ ಆಡಿದ ‘ಟ್ರಿಪಲ್ ಆಪ್ಷನ್’ ಎಂಬ ಆಕ್ರಮಣ ಪದ್ಧತಿಯಲ್ಲಿ. ಹನ್ನೊಂದು ಜನ ಸೇರಿ ನಡೆಸುವ ಯಂತ್ರವೆಂದೇ ಅದನ್ನು ಭಾವಿಸಬಹುದು. ಎದುರಾಳಿಯ ಪ್ರತಿಕ್ರಿಯೆಯೇ ಅದರ ಇಂಧನ. ಆದ್ದರಿಂದ ತೋಳ್ಬಲ ಹೆಚ್ಚಿಸಿಕೊಂಡು ಅದನ್ನು ನಿಲ್ಲಿಸಲಾಗದು, ಅದಕ್ಕೆ ಸಿಗುವ ಮಾಹಿತಿಯನ್ನು ಕೆಡಿಸಿಯೇ ನಿಲ್ಲಿಸಬೇಕು ಎಂಬುದು ಈ ಲೇಖನದ ವಾದ.

ಮೊದಲು ಆಟದ ಲೆಕ್ಕವನ್ನು ನೋಡೋಣ. ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಒಯ್ಯುತ್ತಾರೆ ಅಥವಾ ಎಸೆಯುತ್ತಾರೆ, ಆ ಎಸೆತವೇ ‘ಪಾಸ್’. ಮೈದಾನದ ಉದ್ದ 100 ಗಜ, ಅಗಲ 53 ಗಜಕ್ಕೆ ಸ್ವಲ್ಪ ಹೆಚ್ಚು. ಆಕ್ರಮಣ ಮಾಡುವ ತಂಡಕ್ಕೆ ನಾಲ್ಕು ಯತ್ನಗಳು ಸಿಗುತ್ತವೆ. ಅಷ್ಟರೊಳಗೆ 10 ಗಜ ಮುಂದೆ ಹೋದರೆ ಮತ್ತೆ ನಾಲ್ಕು ಯತ್ನ, ಇಲ್ಲವಾದರೆ ಚೆಂಡು ಎದುರಾಳಿಗೆ. ಎರಡೂ ಕಡೆ ಹನ್ನೊಂದು ಜನ. ಚೆಂಡನ್ನು ಮೊದಲು ಪಡೆಯುವವನು ಕ್ವಾರ್ಟರ್‌ಬ್ಯಾಕ್. ಮಾಮೂಲಿ ಓಟದ ಆಟದಲ್ಲಿ ಅವನು ಚೆಂಡನ್ನು ಇನ್ನೊಬ್ಬನ ಕೈಗಿತ್ತು ನಿಂತುಬಿಡುತ್ತಾನೆ. ಚೆಂಡು ಪಡೆದವನು ಓಡಬೇಕು, ಅವನು ಯಾರನ್ನೂ ಅಡ್ಡಗಟ್ಟಲಾರ. ಉಳಿದ ಒಂಬತ್ತು ಮಂದಿ ಎದುರಾಳಿಗಳನ್ನು ಮೈಯೊಡ್ಡಿ ತಡೆಯಬೇಕು, ಅದಕ್ಕೆ ‘ಬ್ಲಾಕ್’ ಮಾಡುವುದು ಎನ್ನುತ್ತಾರೆ. ಆದರೆ ರಕ್ಷಣೆಗೆ ನಿಂತವರು ಹನ್ನೊಂದು ಮಂದಿ. ಅಂದರೆ ಲೆಕ್ಕದಲ್ಲಿ ರಕ್ಷಣೆಗೆ ಯಾವಾಗಲೂ ಇಬ್ಬರ ಅನುಕೂಲವಿದೆ. ಈ ಇಬ್ಬರ ಲೆಕ್ಕವನ್ನು ಅಳಿಸಿಹಾಕಲೆಂದೇ ಟ್ರಿಪಲ್ ಆಪ್ಷನ್ ಹುಟ್ಟಿತು.

ಅದು ಅಳಿಸುವ ಬಗೆ ಸೊಗಸಾಗಿದೆ. ಎದುರಾಳಿಗಳಲ್ಲಿ ಇಬ್ಬರನ್ನು ಬೇಕೆಂದೇ ಯಾರೂ ಬ್ಲಾಕ್ ಮಾಡುವುದಿಲ್ಲ. ಆಟ ಆರಂಭವಾದೊಡನೆ, ಕ್ವಾರ್ಟರ್‌ಬ್ಯಾಕ್‌ನ ಹಿಂದೆ ನಿಂತ ‘ಫುಲ್‌ಬ್ಯಾಕ್’ ಎಂಬ ಓಟಗಾರ ನೇರವಾಗಿ ಮುಂದಕ್ಕೆ ನುಗ್ಗುತ್ತಾನೆ. ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಅವನ ಹೊಟ್ಟೆಗೆ ಒತ್ತಿ ಹಿಡಿದು, ಬ್ಲಾಕ್ ಆಗದ ಮೊದಲನೆಯವನನ್ನೇ ನೋಡುತ್ತಾನೆ. ಆ ರಕ್ಷಕ ಹೊರಗೆ ಉಳಿದರೆ ಚೆಂಡು ಫುಲ್‌ಬ್ಯಾಕ್‌ಗೆ, ಒಳಗೆ ನುಗ್ಗಿ ಫುಲ್‌ಬ್ಯಾಕ್‌ನ ಮೇಲೆ ಬಿದ್ದರೆ ಚೆಂಡನ್ನು ಹಿಂದಕ್ಕೆಳೆದುಕೊಂಡು ತಾನೇ ಅಂಚಿನ ಕಡೆ ಓಡುತ್ತಾನೆ. ಅಲ್ಲಿ ಬ್ಲಾಕ್ ಆಗದ ಎರಡನೆಯವನು ಎದುರಾಗುತ್ತಾನೆ. ಅವನು ಮೇಲೆರಗಿದರೆ, ಕೆಲವು ಗಜ ಪಕ್ಕದಲ್ಲಿ ಜೊತೆಯಾಗಿ ಓಡುತ್ತಿರುವ ಮೂರನೆಯ ಓಟಗಾರನಿಗೆ ಚೆಂಡನ್ನು ತೂರಿಬಿಡುವುದು. ಎರಗದಿದ್ದರೆ ತಾನೇ ಹಿಡಿದು ಒಳಕ್ಕೆ ತಿರುಗುವುದು. ಫುಲ್‌ಬ್ಯಾಕ್, ಕ್ವಾರ್ಟರ್‌ಬ್ಯಾಕ್, ಹೊರಗಿನ ಓಟಗಾರ, ಹೀಗೆ ಮೂರು ದಾರಿ. ಯಾವುದನ್ನು ಹಿಡಿಯಬೇಕೆಂದು ಮೊದಲೇ ಗೊತ್ತಾಗಿರುವುದಿಲ್ಲ, ಅದನ್ನು ತೀರ್ಮಾನಿಸುವವನು ಎದುರಾಳಿಯೇ. ಆ ಇಬ್ಬರನ್ನು ತಡೆಯಬೇಕಿದ್ದ ಬ್ಲಾಕರ್‌ಗಳು ಬಿಡುವಾಗಿ, ಆ ಇಬ್ಬರು ರಕ್ಷಕರ ಹಿಂದೆ ನಿಂತ ಲೈನ್‌ಬ್ಯಾಕರ್‌ಗಳ ಮೇಲೆ ಬೀಳುತ್ತಾರೆ. 1960ರ ದಶಕದಲ್ಲಿ ಹ್ಯೂಸ್ಟನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಯೋಮನ್ ‘ವೀರ್’ ಎಂಬ ರೂಪದಲ್ಲಿ ಇದನ್ನು ಬೆಳೆಸಿದರು. 1968ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಎಮೊರಿ ಬೆಲಾರ್ಡ್ ‘ವಿಶ್‌ಬೋನ್’ ಎಂಬ ರಚನೆ ಕೊಟ್ಟರು. ಮುಂದೆ ಪಾಲ್ ಜಾನ್ಸನ್ ‘ಫ್ಲೆಕ್ಸ್‌ಬೋನ್’ ರೂಪವನ್ನು ಜಾರ್ಜಿಯಾ ಸದರ್ನ್, ನೇವಿ ಮತ್ತು ಜಾರ್ಜಿಯಾ ಟೆಕ್ ತಂಡಗಳಲ್ಲಿ ಆಡಿಸಿದರು. ಭಾರೀ ಮೈಕಟ್ಟಿನ ಆಟಗಾರರು ಸುಲಭವಾಗಿ ಸಿಗದ ಆರ್ಮಿ, ನೇವಿಯಂಥ ಸೈನಿಕ ಅಕಾಡೆಮಿಗಳು ಇದನ್ನು ದಶಕಗಳ ಕಾಲ ನೆಚ್ಚಿಕೊಂಡಿದ್ದಕ್ಕೆ ಕಾರಣ ಸ್ಪಷ್ಟ. ದೇಹಬಲದ ಕೊರತೆಯನ್ನು ಇದು ನಿರ್ಧಾರದಿಂದ ತುಂಬಿಕೊಡುತ್ತದೆ.

ಈ ಯಂತ್ರ ಮನುಷ್ಯನ ನರವ್ಯೂಹದ ಒಂದು ಮಿತಿಯ ಮೇಲೆ ನಿಂತಿದೆ. ಒಂದೇ ಒಂದು ಸಂಜ್ಞೆಗೆ, ಗೊತ್ತಾದ ಒಂದೇ ರೀತಿಯಲ್ಲಿ ಸ್ಪಂದಿಸಲು ನಮಗೆ ಸುಮಾರು 0.2 ಸೆಕೆಂಡ್ ಬೇಕು. ಹಲವು ಸಾಧ್ಯತೆಗಳ ನಡುವೆ ಆರಿಸಬೇಕಾದರೆ ಇನ್ನಷ್ಟು ಹೊತ್ತು ಹಿಡಿಯುತ್ತದೆ. ಬ್ರಿಟನ್ನಿನ ಮನೋವಿಜ್ಞಾನಿ ವಿಲಿಯಂ ಎಡ್ಮಂಡ್ ಹಿಕ್ 1952ರಲ್ಲಿ ಇದನ್ನು ಅಳೆದು ತೋರಿಸಿದರು. ಆಯ್ಕೆಗಳ ಸಂಖ್ಯೆ ದುಪ್ಪಟ್ಟಾದಾಗಲೆಲ್ಲ ತೀರ್ಮಾನಕ್ಕೆ ಬೇಕಾದ ಸಮಯ ಹೆಚ್ಚುಕಡಿಮೆ ಒಂದೇ ಅಳತೆಯಷ್ಟು ಏರುತ್ತದೆ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡುವವನು 0.2 ಸೆಕೆಂಡಿನಲ್ಲಿ ಒಂದೂವರೆ ಮೀಟರಿಗಿಂತ ಹೆಚ್ಚು ದೂರ ಸಾಗುತ್ತಾನೆ, ಚಾಚಿದ ಕೈಗೆ ಸಿಗದಂತೆ ತಪ್ಪಿಸಿಕೊಳ್ಳಲು ಅಷ್ಟು ಸಾಕು. ಭೌತವಿಜ್ಞಾನದ ಮಿತಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ನೂರು ಕಿಲೋ ಮೀರಿದ ದೇಹ ಒಮ್ಮೆ ಒಂದು ದಿಕ್ಕಿಗೆ ಹೊರಟಿತೆಂದರೆ, ಕಾಲೂರಿ ಆ ವೇಗವನ್ನು ಕೊಂದ ಮೇಲಷ್ಟೇ ಇನ್ನೊಂದು ದಿಕ್ಕಿಗೆ ತಿರುಗಬಲ್ಲದು. ರಕ್ಷಕನ ಮನಸ್ಸಿನ ನಿರ್ಧಾರ ಅವನ ಮೈಯ ವಾಲುವಿಕೆಯಲ್ಲಿ ಹೊರಬೀಳುತ್ತದೆ, ಕ್ವಾರ್ಟರ್‌ಬ್ಯಾಕ್ ಅದನ್ನು ಓದುತ್ತಾನೆ. ರಕ್ಷಕ ಸರಿಯಾಗಿಯೇ ಸ್ಪಂದಿಸಿದರೂ ಅವನ ಸ್ಪಂದನೆಯೇ ಚೆಂಡು ಬೇರೆ ಕಡೆ ಹೋಗಲು ಕಾರಣವಾಗುತ್ತದೆ.

ಹಾಗಾಗಿ ಮೊದಲ ಉಪಾಯ, ರಕ್ಷಕನ ಆಯ್ಕೆಯನ್ನೇ ಕಿತ್ತುಹಾಕುವುದು. ಮೂರು ದಾರಿಗೂ ಮೊದಲೇ ಒಬ್ಬೊಬ್ಬ ಹೊಣೆಗಾರನನ್ನು ನೇಮಿಸಲಾಗುತ್ತದೆ. ಫುಲ್‌ಬ್ಯಾಕ್ ನಿನ್ನವನು ಎಂದರೆ, ಅವನ ಕೈಯಲ್ಲಿ ಚೆಂಡು ಇರಲಿ ಬಿಡಲಿ, ಅವನನ್ನು ಹಿಡಿದು ಕೆಡವಬೇಕು. ಹೊರಗಿನ ಓಟಗಾರನ ಹೊಣೆ ಹೊತ್ತವನು, ಕಣ್ಣೆದುರೇ ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಹೋಗುತ್ತಿದ್ದರೂ ಅತ್ತ ಓಡಬಾರದು. ಚೆಂಡಿನ ಬೆನ್ನು ಹತ್ತು ಎಂದು ವರ್ಷಗಟ್ಟಲೆ ಕಲಿತ ಆಟಗಾರನಿಗೆ ಇದಕ್ಕಿಂತ ಕಷ್ಟದ ಶಿಸ್ತು ಇನ್ನೊಂದಿಲ್ಲ. ಆದ್ದರಿಂದಲೇ ಅನೇಕ ತರಬೇತುದಾರರು ಅಭ್ಯಾಸದಲ್ಲಿ ಚೆಂಡನ್ನೇ ಇಟ್ಟುಕೊಳ್ಳುವುದಿಲ್ಲ. ಚೆಂಡಿಲ್ಲದ ಮೇಲೆ ಕಣ್ಣು ಅಲೆಯಲು ಕಾರಣವಿಲ್ಲ, ಪ್ರತಿಯೊಬ್ಬನೂ ತನ್ನ ಪಾಲಿನವನನ್ನೇ ಹುಡುಕಬೇಕಾಗುತ್ತದೆ. ಇದರ ಹಳೆಯ ಪುರಾವೆ 1971ರ ಜನವರಿ 1ರ ಕಾಟನ್ ಬೌಲ್ ಪಂದ್ಯ (ಋತುವಿನ ಕೊನೆಗೆ ಆಡುವ ವಿಶೇಷ ಪಂದ್ಯಗಳಿಗೆ ‘ಬೌಲ್’ ಎನ್ನುತ್ತಾರೆ). ಸತತ 30 ಪಂದ್ಯ ಗೆದ್ದಿದ್ದ ಟೆಕ್ಸಸ್‌ನ ವಿಶ್‌ಬೋನ್‌ಗೆ ಎದುರಾಗಿ ನೋಟ್ರ್ ಡೇಮ್‌ನ ತರಬೇತುದಾರ ಆರಾ ಪಾರ್ಸೇಗಿಯನ್ ತಮ್ಮ ರಕ್ಷಕರನ್ನು ಆ ರಚನೆಯ ಪ್ರತಿಬಿಂಬದಂತೆ ನಿಲ್ಲಿಸಿದರು. ಎದುರಿನ ಪ್ರತಿ ಓಟಗಾರನಿಗೂ ಈ ಕಡೆ ಒಬ್ಬ ಹೊಣೆಗಾರ. ಟೆಕ್ಸಸ್ ಪದೇ ಪದೇ ಚೆಂಡನ್ನು ಕೈಜಾರಿಸಿತು. 24-11ರಿಂದ ಸೋತಿತು, ಗೆಲುವಿನ ಸರಣಿ ಅಲ್ಲಿಗೆ ಮುಗಿಯಿತು.

ಎರಡನೆಯ ಉಪಾಯ ಇನ್ನೂ ಚುರುಕಾದದ್ದು. ಕ್ವಾರ್ಟರ್‌ಬ್ಯಾಕ್‌ನದೂ ಮನುಷ್ಯನ ಮಿದುಳೇ, ಹಿಕ್ ಕಂಡ ನಿಯಮ ಅವನಿಗೂ ಅನ್ವಯಿಸುತ್ತದೆ. ಅವನಿಗೆ ಸುಳ್ಳು ಸಂಜ್ಞೆ ಕೊಟ್ಟರೆ ಯಂತ್ರ ತಪ್ಪು ಉತ್ತರ ಕೊಡುತ್ತದೆ. ‘ಸ್ಕ್ರೇಪ್ ಎಕ್ಸ್‌ಚೇಂಜ್’ ಮಾಡುವುದು ಇದನ್ನೇ. ಬ್ಲಾಕ್ ಆಗದ ಮೊದಲನೆಯವನು ಫುಲ್‌ಬ್ಯಾಕ್‌ನ ಮೇಲೆ ಒಳನುಗ್ಗುತ್ತಾನೆ. ಹೊರಗಡೆ ಖಾಲಿಯಾಯಿತೆಂದು ಓದಿದ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಹಿಂದಕ್ಕೆಳೆದುಕೊಂಡು ಓಡುತ್ತಾನೆ. ಅಷ್ಟರಲ್ಲಿ ಹಿಂದಿದ್ದ ಲೈನ್‌ಬ್ಯಾಕರ್ ಆ ಜಾಗಕ್ಕೆ ಬಂದು ನಿಂತಿರುತ್ತಾನೆ. ಹೊರಗಿನ ಎರಡನೆಯವನ ಕೈಯಲ್ಲಿ ಇನ್ನೊಂದು ಅಸ್ತ್ರವಿದೆ, ಸಂಜ್ಞೆಯನ್ನೇ ತಡಮಾಡುವುದು. ಅವನು ಮೇಲೆರಗುವುದೂ ಇಲ್ಲ, ಹಿಂದೆ ಸರಿಯುವುದೂ ಇಲ್ಲ. ಕ್ವಾರ್ಟರ್‌ಬ್ಯಾಕ್‌ಗೂ ಓಟಗಾರನಿಗೂ ನಡುವೆ ಅಡ್ಡಡ್ಡ ಹೆಜ್ಜೆಯಿಡುತ್ತ ಜೊತೆಗೇ ಸಾಗುತ್ತಾನೆ. ಹೀಗೆ ಕಳೆದ ಪ್ರತಿ ಅರೆಕ್ಷಣವೂ ರಕ್ಷಣೆಯ ಲಾಭ, ಏಕೆಂದರೆ ಉಳಿದ ರಕ್ಷಕರು ಅತ್ತ ಓಡಿ ಬರುತ್ತಿರುತ್ತಾರೆ ಮತ್ತು ಮೈದಾನದ ಅಂಚು ಹತ್ತಿರವಾಗುತ್ತದೆ. ಗೆರೆ ದಾಟಿದರೆ ಓಟ ಅಲ್ಲಿಗೇ ಮುಗಿಯುವುದರಿಂದ ಅಂಚು ತಾನೇ ಒಬ್ಬ ರಕ್ಷಕನಾಗುತ್ತದೆ. ಇನ್ನೊಮ್ಮೆ ಅವನೇ ಏಕಾಏಕಿ ಎರಗಿ, ಆತುರದಲ್ಲಿ ಚೆಂಡನ್ನು ತೂರುವಂತೆ ಮಾಡಬಹುದು. ಹಿಂದಕ್ಕೆ ತೂರಿದ ಚೆಂಡು ನೆಲಕ್ಕೆ ಬಿದ್ದರೆ ಅದು ಯಾರಿಗಾದರೂ ದಕ್ಕಬಹುದು.

ಇಷ್ಟೆಲ್ಲ ಏಕೆ, ವೇಗದ ಆಟಗಾರರಿದ್ದರೆ ಸಾಕಲ್ಲವೇ ಎಂಬ ಆಕ್ಷೇಪ ಹಳೆಯದು, ಅದಕ್ಕೆ ಆಧಾರವೂ ಇದೆ. 1980ರ ದಶಕದಲ್ಲಿ ಒಕ್ಲಹೋಮಾ ವಿಶ್ವವಿದ್ಯಾಲಯದ ವಿಶ್‌ಬೋನ್ ದೇಶವನ್ನೇ ನಡುಗಿಸುತ್ತಿದ್ದಾಗ, ಜಿಮ್ಮಿ ಜಾನ್ಸನ್ ತರಬೇತಿಯ ಮಯಾಮಿ ತಂಡ 1985, 1986 ಮತ್ತು 1987ರ ಮೂರೂ ಋತುಗಳಲ್ಲಿ ಅದನ್ನು ಸೋಲಿಸಿತು. ಆ ಮೂರರಲ್ಲಿ ಕೊನೆಯದಾದ 1988ರ ಜನವರಿ 1ರ ಆರೆಂಜ್ ಬೌಲ್ ಪಂದ್ಯವನ್ನು 20-14ರಿಂದ ಗೆದ್ದು ರಾಷ್ಟ್ರೀಯ ಪಟ್ಟವನ್ನೂ ಪಡೆಯಿತು. ಮಯಾಮಿಯ ರಕ್ಷಕರ ವೇಗ ಹೆಸರುವಾಸಿಯಾಗಿತ್ತು. ಆದರೆ ವೇಗ ಕೊಡುವುದು ಸಮಯದ ಉಳಿತಾಯವನ್ನು ಮಾತ್ರ. ತಡವಾಗಿ ತೀರ್ಮಾನಿಸಿದವನು ಆ ತಡವನ್ನು ಅದರಿಂದ ತುಂಬಿಕೊಳ್ಳಬಹುದು. ತಪ್ಪು ದಿಕ್ಕಿಗೆ ಓಡಿದವನನ್ನು ವೇಗ ಉಳಿಸಲಾರದು, ಅವನನ್ನು ಚೆಂಡಿನಿಂದ ಇನ್ನಷ್ಟು ದೂರಕ್ಕೆ ಒಯ್ಯುತ್ತದೆ. 2011ರ ಅಲಬಾಮಾದಲ್ಲಿ ವೇಗಕ್ಕೇನೂ ಬರವಿರಲಿಲ್ಲ. 2013ರಲ್ಲಿ ಇದೇ ಜಾರ್ಜಿಯಾ ಸದರ್ನ್, ಪ್ರತಿಭೆಗೆ ಕೊರತೆಯಿಲ್ಲದ ಫ್ಲೋರಿಡಾ ವಿಶ್ವವಿದ್ಯಾಲಯದ ತಂಡವನ್ನು ಅದರದೇ ಮೈದಾನದಲ್ಲಿ 26-20ರಿಂದ ಸೋಲಿಸಿತು. ಅಂದು ಜಾರ್ಜಿಯಾ ಸದರ್ನ್‌ನ ಒಂದೇ ಒಂದು ಪಾಸ್ ಪೂರ್ಣವಾಗಲಿಲ್ಲ, 429 ಗಜವನ್ನೂ ಓಡಿಯೇ ಗಳಿಸಿದರು.

ಎಲ್ಲವೂ ಸಿದ್ಧತೆಯ ಸಮಯದ ಪ್ರಶ್ನೆ ಎಂಬುದು ಎರಡನೆಯ ಆಕ್ಷೇಪ. ಋತುವಿನ ನಡುವೆ ಕಾಲೇಜು ಆಟಗಾರರ ಅಭ್ಯಾಸಕ್ಕೆ ವಾರಕ್ಕೆ 20 ಗಂಟೆಯ ಮಿತಿಯಿದೆ. ವರ್ಷಕ್ಕೊಮ್ಮೆ ಎದುರಾಗುವ ಪದ್ಧತಿಗೆ ಅಷ್ಟರಲ್ಲಿ ಒಗ್ಗಿಕೊಳ್ಳುವುದು ಕಷ್ಟವೆಂಬುದು ನಿಜ. ಒಂದು ತಿಂಗಳು ಸಿಕ್ಕರೆ ಏನಾಗುತ್ತದೆಂಬುದಕ್ಕೆ 2010ರ ಜನವರಿಯ ಆರೆಂಜ್ ಬೌಲ್ ಉದಾಹರಣೆ. ಪಂದ್ಯಕ್ಕೆ 300 ಗಜದ ಹತ್ತಿರ ಓಡುತ್ತಿದ್ದ ಜಾರ್ಜಿಯಾ ಟೆಕ್ ತಂಡವನ್ನು ಅಯೋವಾ, ಪಾಸ್‌ಗಳೂ ಸೇರಿ ಒಟ್ಟು 155 ಗಜಕ್ಕೆ ಕಟ್ಟಿಹಾಕಿ 24-14ರಿಂದ ಗೆದ್ದಿತು. ಆದರೆ 2014ರ ಡಿಸೆಂಬರ್ 31ರಂದು ಅದೇ ಆರೆಂಜ್ ಬೌಲ್‌ನಲ್ಲಿ ಮಿಸಿಸಿಪಿ ಸ್ಟೇಟ್‌ಗೂ ಒಂದು ತಿಂಗಳ ಬಿಡುವು ಸಿಕ್ಕಿತ್ತು. ಜಾರ್ಜಿಯಾ ಟೆಕ್ ಅದರ ವಿರುದ್ಧ 452 ಗಜ ಓಡಿ 49-34ರಿಂದ ಗೆದ್ದಿತು. ಸಮಯ ಬೇಕು, ಆದರೆ ಸಮಯವೊಂದೇ ಸಾಲದು. ಆ ಸಮಯದಲ್ಲಿ ಕಣ್ಣಿನ ಶಿಸ್ತು ಕೂಡಿಬಂದರಷ್ಟೇ ಪ್ರಯೋಜನ.

ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು. ಪ್ರತಿಯೊಬ್ಬನಿಗೂ ಕೆಲಸ ಗೊತ್ತುಮಾಡಿಟ್ಟರೆ, ಎದುರಾಳಿ ಅದನ್ನೇ ಕಂಡುಹಿಡಿದು ಬಳಸಿಕೊಳ್ಳುವುದಿಲ್ಲವೇ? ಖಂಡಿತ ಬಳಸಿಕೊಳ್ಳುತ್ತಾನೆ. ಸದಾ ಓಟಗಾರನನ್ನು ಹಿಡಿಯಲು ಮುಂದೆ ಬರುವ ‘ಸೇಫ್ಟಿ’ಯ (ಎಲ್ಲರಿಗಿಂತ ಹಿಂದೆ ನಿಲ್ಲುವ ರಕ್ಷಕ) ಬೆನ್ನ ಹಿಂದೆ ಒಂದು ಉದ್ದನೆಯ ಪಾಸ್ ಹಾರಿಸಿದರೆ ಆರು ಅಂಕ ಕೈಗೆ ಬಂದಂತೆ. ಇಷ್ಟಾಗಿಯೂ ಈ ಆಕ್ಷೇಪ ನಮ್ಮ ವಾದವನ್ನು ಬಲಪಡಿಸುತ್ತದೆಯೇ ಹೊರತು ಕೆಡವುವುದಿಲ್ಲ. ಒಂದು ಯತ್ನದೊಳಗೆ ಪ್ರತಿ ರಕ್ಷಕನ ಕೆಲಸವೂ ಗೊತ್ತಾಗಿರಬೇಕು, ಆದರೆ ಯತ್ನದಿಂದ ಯತ್ನಕ್ಕೆ ಆ ಕೆಲಸಗಳು ಕೈ ಬದಲಾಗುತ್ತಿರಬೇಕು. ಹಿಂದಿನ ಬಾರಿ ಫುಲ್‌ಬ್ಯಾಕ್‌ನನ್ನು ಹಿಡಿದವನು ಈ ಬಾರಿ ಕ್ವಾರ್ಟರ್‌ಬ್ಯಾಕ್‌ನನ್ನು ಹಿಡಿಯಲಿ. ಆಗ ರಕ್ಷಕನ ತಲೆಯಲ್ಲಿ ಗೊಂದಲವಿರದು, ಅದೆಲ್ಲ ಕ್ವಾರ್ಟರ್‌ಬ್ಯಾಕ್‌ನ ತಲೆಗೆ ವರ್ಗವಾಗುತ್ತದೆ. ಈ ಪೈಪೋಟಿಯಲ್ಲಿ ಅನಿಶ್ಚಿತತೆ ಇಲ್ಲವಾಗುವುದಿಲ್ಲ. ಅದನ್ನು ಯಾರು ಹೊರಬೇಕು ಎಂಬುದಷ್ಟೇ ಪ್ರಶ್ನೆ.

ಈ ಹಂಚಿಕೆಯಲ್ಲಿ ಒಂದು ಆದ್ಯತೆಯನ್ನು ಮರೆಯುವಂತಿಲ್ಲ. ಅಂಚಿನ ಉದ್ದನೆಯ ಓಟಗಳು ಕಣ್ಣಿಗೆ ಬೀಳುತ್ತವೆ, ಆದರೆ ತಂಡವನ್ನು ಸವೆಸುವುದು ಫುಲ್‌ಬ್ಯಾಕ್‌ನ ಸಣ್ಣ ನುಗ್ಗಾಟ. ಯತ್ನಕ್ಕೆ 3 ಗಜ ಸಿಕ್ಕರೂ ನಾಲ್ಕು ಯತ್ನಕ್ಕೆ 12 ಗಜ, ಅಂದರೆ ಚೆಂಡು ಕೈಬಿಟ್ಟು ಹೋಗುವುದೇ ಇಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಆರ್ಮಿ ತಂಡ ಒಕ್ಲಹೋಮಾದ ಎದುರು 60 ನಿಮಿಷಗಳ ಪಂದ್ಯದಲ್ಲಿ ಸುಮಾರು 45 ನಿಮಿಷ ಚೆಂಡನ್ನು ತನ್ನಲ್ಲೇ ಇಟ್ಟುಕೊಂಡು, ದೈತ್ಯ ತಂಡವನ್ನು ಹೆಚ್ಚುವರಿ ಅವಧಿಯವರೆಗೆ ಎಳೆಯಿತು. ಒಕ್ಲಹೋಮಾ 28-21ರಿಂದ ಹೇಗೋ ಪಾರಾಯಿತು. ಆದ್ದರಿಂದ ಮೊದಲು ನಡುವನ್ನು ಮುಚ್ಚಬೇಕು, ಆಮೇಲೆ ಕ್ವಾರ್ಟರ್‌ಬ್ಯಾಕ್, ಕೊನೆಗೆ ಹೊರಗಿನ ಓಟಗಾರ. ಆ ಕೊನೆಯ ದಾರಿ ಅತ್ಯಂತ ಉದ್ದದ್ದು, ಚೆಂಡು ಕೈಜಾರುವ ಅಪಾಯವೂ ಅಲ್ಲೇ ಹೆಚ್ಚು.

ಇದು ಹಳೆಯ ಕಾಲದ ಆಟ, ನಿಯಮಗಳೇ ಅದನ್ನು ಮುಗಿಸುತ್ತಿವೆ ಎನ್ನುವವರಿದ್ದಾರೆ. ಎದುರಾಳಿಯ ಕಾಲಿಗೆ ಅಪ್ಪಳಿಸುವ ‘ಕಟ್ ಬ್ಲಾಕ್’ ಈ ಪದ್ಧತಿಯ ಮುಖ್ಯ ಆಯುಧವಾಗಿತ್ತು. ಮೊಣಕಾಲನ್ನು ಕಾಪಾಡಿಕೊಳ್ಳಲು ಕೆಳಗೆ ನೋಡಿದ ರಕ್ಷಕನ ಕಣ್ಣು ತನ್ನ ಪಾಲಿನವನಿಂದ ತಪ್ಪುತ್ತಿತ್ತು. 2018ರಲ್ಲಿ ಮತ್ತು 2022ರಲ್ಲಿ ಕಾಲೇಜು ನಿಯಮಗಳು ಅದನ್ನು ಬಹುಮಟ್ಟಿಗೆ ನಿರ್ಬಂಧಿಸಿದವು. ಆಟಗಾರರ ಮೊಣಕಾಲಿನ ದೃಷ್ಟಿಯಿಂದ ಅದು ಒಳ್ಳೆಯ ಕೆಲಸವೇ. ಆದರೆ ಯಂತ್ರದ ಒಳಗಿನ ತತ್ತ್ವ ಸಾಯಲಿಲ್ಲ. 1990ರ ದಶಕದ ಆರಂಭದಲ್ಲಿ ತರಬೇತುದಾರ ರಿಚ್ ರಾಡ್ರಿಗಸ್ ಬೆಳೆಸಿದ ‘ಝೋನ್ ರೀಡ್’ ಕೂಡ ಒಬ್ಬ ರಕ್ಷಕನನ್ನು ಬ್ಲಾಕ್ ಮಾಡದೆ ಬಿಟ್ಟು ಓದುವ ಆಟವೇ, ಇಂದು ವೃತ್ತಿಪರ ತಂಡಗಳೂ ಅದನ್ನು ಆಡುತ್ತವೆ. ಓಟವನ್ನೇ ನೆಚ್ಚಿದ ಆರ್ಮಿ 2024ರಲ್ಲಿ ತನ್ನ ಇತಿಹಾಸದ ಮೊದಲ ಕಾನ್ಫರೆನ್ಸ್ (ತಂಡಗಳ ಲೀಗ್) ಪಟ್ಟ ಗೆದ್ದಿತು. ಅದೇ ಋತುವಿನಲ್ಲಿ ನೋಟ್ರ್ ಡೇಮ್ ಅದನ್ನು 49-14ರಿಂದ ಸೋಲಿಸಿತು ಎಂಬುದೂ ಅಷ್ಟೇ ನಿಜ. ಯಂತ್ರವೂ ಬದುಕಿದೆ, ಅದನ್ನು ನಿಲ್ಲಿಸುವ ವಿದ್ಯೆಯೂ ಬದುಕಿದೆ. ಆ ವಿದ್ಯೆಯ ಸಾರ, ನಿನ್ನ ಕೆಲಸವನ್ನು ಮೊದಲೇ ತಿಳಿದಿರು ಮತ್ತು ನಿನ್ನ ಎದುರಾಳಿಗೆ ಅದು ತಿಳಿಯದಂತೆ ನೋಡಿಕೋ ಎಂಬುದು. ಮುಂದೆ ಇಂಥ ಪಂದ್ಯ ನೋಡುವ ಅವಕಾಶ ಸಿಕ್ಕರೆ ಓದುಗರು ಚೆಂಡನ್ನು ಹಿಂಬಾಲಿಸದೆ, ಯಾರೂ ಮುಟ್ಟದೆ ಬಿಟ್ಟ ಆ ಇಬ್ಬರು ರಕ್ಷಕರನ್ನು ನೋಡಲಿ. ಗೆಲುವು ಯಾರದೆಂಬುದು ಹೆಚ್ಚಾಗಿ ಅವರಿಬ್ಬರ ಹೆಜ್ಜೆಯಲ್ಲೇ ತೀರ್ಮಾನವಾಗುತ್ತದೆ.