ಜೋತ ಕೆನ್ನೆಗೆ ಕತ್ತರಿಯಿಲ್ಲದ ಚಿಕಿತ್ಸೆ

"ಡಾಕ್ಟ್ರೇ, ತೂಕ ಇಳಿಸಿದೆ, ಮುಖ ಜೋತುಬಿತ್ತು" ಎಂದು ಬರುವವರಿಗೆ ನಾನು ಮೊದಲು ಕೈಗನ್ನಡಿ ಕೊಟ್ಟು ಅಂಗಾತ ಮಲಗಲು ಹೇಳುತ್ತೇನೆ. ಮಲಗಿದಾಗ ಕೆನ್ನೆ ಹಿಂದಕ್ಕೆ ಸರಿದು ಮೂಗಿನ ಪಕ್ಕದ ಗೆರೆ ತೆಳುವಾಗುತ್ತದೆ. ಎದ್ದು ಕೂತರೆ ದವಡೆಯಂಚಿನಲ್ಲಿ ಮತ್ತೆ ಮಡಿಕೆ. ಸಡಿಲಿಕೆ ಎಷ್ಟಿದೆಯೆಂದು ಅವರಿಗೇ ಗೊತ್ತಾಗುತ್ತದೆ.

ಚರ್ಮವನ್ನು ಬಿಗಿಯಾಗಿಡುವುದು ಕೊಲಾಜನ್, ಎಲಾಸ್ಟಿನ್ ಎಂಬ ಪ್ರೋಟೀನ್ ನಾರುಗಳು. ವಯಸ್ಸಿನ ಜೊತೆ ಇವು ಕ್ಷೀಣಿಸುತ್ತವೆ. ಬಿಸಿಲು, ಧೂಮಪಾನ ಸೇರಿದರೆ ಇನ್ನೂ ಬೇಗ. ಮುಟ್ಟು ನಿಂತ ಮೇಲಿನ ವರ್ಷಗಳಲ್ಲಿ ಕೊಲಾಜನ್ ವೇಗವಾಗಿ ಇಳಿಯುತ್ತದೆ. ಒಳಗಿನ ಕೊಬ್ಬು ಕರಗಿ ಜಾರುತ್ತದೆ, ದವಡೆಯ ಮೂಳೆಯೂ ಸವೆಯುತ್ತದೆ. ಹಾಗಾಗಿ ಬರೀ ಕ್ರೀಮಿನಿಂದ ಜೋತ ಕೆನ್ನೆ ಮೇಲೇರುವುದಿಲ್ಲ.

ಶಸ್ತ್ರಚಿಕಿತ್ಸೆ ಬೇಡವೆಂದರೆ ಮುಖ್ಯವಾಗಿ ಎರಡು ದಾರಿ. ರೇಡಿಯೋಫ್ರೀಕ್ವೆನ್ಸಿ ಒಳಚರ್ಮವನ್ನು ಬಿಸಿಮಾಡಿ ಹೊಸ ಕೊಲಾಜನ್ ಹುಟ್ಟಿಸುತ್ತದೆ. ಕೇಂದ್ರೀಕೃತ ಅಲ್ಟ್ರಾಸೌಂಡ್ 4.5 ಮಿಲಿಮೀಟರ್ ಆಳದವರೆಗೆ, 60 ಡಿಗ್ರಿ ಸೆಲ್ಸಿಯಸ್ ದಾಟುವ ಶಾಖವನ್ನು ಸಣ್ಣ ಸಣ್ಣ ಬಿಂದುಗಳಲ್ಲಿ ಉಂಟುಮಾಡುತ್ತದೆ. ದವಡೆ ಮೂಳೆಯ ಹತ್ತಿರ ಬಂದಾಗ ಚುರುಕ್ಕೆನ್ನುತ್ತದೆ. ಫಲ ಕಾಣಲು 2–3 ತಿಂಗಳು ಬೇಕು. ಸ್ವಲ್ಪ ಅಥವಾ ಮಧ್ಯಮ ಸಡಿಲಿಕೆಗೆ ಇವು ಸಾಕು. ತೀರಾ ಜೋತ ಚರ್ಮಕ್ಕೆ ಆಪರೇಷನ್ನೇ ಸರಿ. ಗರ್ಭಿಣಿಯರು ಇವೆರಡನ್ನೂ ಮುಂದೂಡಬೇಕು. ಪೇಸ್‌ಮೇಕರ್ ಇದ್ದವರಿಗೆ ರೇಡಿಯೋಫ್ರೀಕ್ವೆನ್ಸಿ ಬೇಡ.

ನಮ್ಮ ಕಂದು ಚರ್ಮದಲ್ಲಿ ಶಾಖ ಹೆಚ್ಚಾಗಿ ಸುಟ್ಟರೆ ಕಪ್ಪು ಕಲೆ ಉಳಿಯಬಹುದು. ಆದ್ದರಿಂದ ರಿಯಾಯಿತಿಯ ಬೋರ್ಡು ನೋಡಿ ಎಲ್ಲೆಂದರಲ್ಲಿ ಮುಖ ಒಡ್ಡಬೇಡಿ, ಚರ್ಮವೈದ್ಯರನ್ನು ಕಾಣಿ. ಇರುವ ಬಿಗಿಯನ್ನು ಉಳಿಸಿಕೊಳ್ಳಲು ಇವತ್ತಿನಿಂದಲೇ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ, ಸಿಗರೇಟು ಬಿಡಿ.