ಹಿರಿಯ ಸಿಸ್ಟರ್‌ಗೂ ಸಭೆಯಲ್ಲೊಂದು ಕುರ್ಚಿ ಬೇಕು

ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಯ ಪಕ್ಕ ನಾವೆಲ್ಲ ಒಂದಲ್ಲ ಒಂದು ರಾತ್ರಿ ಕೂತವರೇ. ಡಾಕ್ಟರ್ ಬಂದು ನೋಡಿ ಹೋಗುತ್ತಾರೆ. ಉಳಿದ ಹೊತ್ತೆಲ್ಲ ಸಿಸ್ಟರ್‌ಗಳದ್ದೇ. ಉಮ್ಮನ ಡ್ರಿಪ್ ಮುಗಿದರೆ ನಾವು ಓಡುವುದು ಅವರ ಬಳಿಗೆ. ಇಪ್ಪತ್ತು ವರ್ಷ ದುಡಿದ ಹಿರಿಯ ಸಿಸ್ಟರ್‌ಗೆ ಯಾವ ಪಾಳಿಯಲ್ಲಿ ಜನ ಸಾಲುವುದಿಲ್ಲ, ಯಾವ ಔಷಧ ತಡವಾಗುತ್ತದೆ ಎಲ್ಲ ಗೊತ್ತು. ಆದರೆ ಅದನ್ನು ತೀರ್ಮಾನಿಸುವ ಸಭೆಗೆ ಅವರನ್ನು ಕರೆಯುವುದು ಕಡಿಮೆ. ಕರೆದರೂ ಹೆಚ್ಚಿನವರು ಸುಮ್ಮನೆ ಕೂತು ಬರುತ್ತಾರೆ. ಗೊತ್ತಿದ್ದವರು ಸುಮ್ಮನಿದ್ದರೆ ಬೆಲೆ ತೆರುವವರು ರೋಗಿಗಳು.

ಶುಶ್ರೂಷೆಯಲ್ಲಿ ಮುಂದಾಳತ್ವ ಹೊಸದಲ್ಲ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ (ರ) ಅವರನ್ನು ಆರೈಕೆಗೆ ಒಯ್ದದ್ದು ರುಫೈದಾ (ರ) ಅವರ ಡೇರೆಗೆ. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ನಮಗೆ ದೀಪ ಹಿಡಿದ ಮಹಿಳೆ ಅಷ್ಟೆ. 1854ರಲ್ಲಿ 38 ದಾದಿಯರೊಂದಿಗೆ ತುರ್ಕಿಯ ಸ್ಕುಟಾರಿಗೆ ಬಂದ ಅವರ ನಿಜವಾದ ಬಲ ಲೆಕ್ಕದ್ದು. ಗಾಯಕ್ಕಿಂತ ರೋಗದಿಂದ ಹೆಚ್ಚು ಸೈನಿಕರು ಸತ್ತದ್ದನ್ನು ಅಂಕಿಅಂಶ, ಚಿತ್ರಗಳಲ್ಲಿ ತೋರಿಸಿ ಸರಕಾರದ ಕಣ್ಣು ತೆರೆಸಿದರು. 1860ರಲ್ಲಿ ಲಂಡನ್‌ನಲ್ಲಿ ಅವರ ಹೆಸರಿನ ದಾದಿಯರ ಶಾಲೆ ಶುರುವಾಯಿತು.

ಸರ್ವಿಸ್ ಆದ ಮಾತ್ರಕ್ಕೆ ನಾಯಕತ್ವ ಬರುವುದಿಲ್ಲ, ಕಲಿಯಬೇಕು. ಇವತ್ತಿನ ಪಾಳಿಗೆ ಜನ ಹೊಂದಿಸುವುದು ಮೇಲ್ವಿಚಾರಣೆ. ಮಳೆಗಾಲದಲ್ಲಿ ಡೆಂಗಿ, ಮಲೇರಿಯಾ ರೋಗಿಗಳು ಹೆಚ್ಚುತ್ತಾರೆಂದು ಏಪ್ರಿಲ್‌ನಲ್ಲೇ ಹಾಸಿಗೆ, ಸಿಬ್ಬಂದಿ, ಸೊಳ್ಳೆಪರದೆಯ ಲೆಕ್ಕ ಹಾಕಿ ಆಡಳಿತದ ಮುಂದಿಡುವುದು ನಾಯಕತ್ವ. ಅದಕ್ಕೆ ಮೊದಲ ಪಾಠ, ಬೆನ್ನುಹುಣ್ಣು, ಸೋಂಕು, ರೋಗಿ ಬಿದ್ದದ್ದು, ಎಲ್ಲವನ್ನೂ ತಿಂಗಳು ತಿಂಗಳು ಬರೆದಿಡುವುದು. ಎರಡನೆಯದು, ದೂರನ್ನು ಬೇಡಿಕೆಯನ್ನಾಗಿ ಮಾಡಿ ಒಂದೇ ಪುಟದಲ್ಲಿ ಹೇಳುವುದು. ಮೂರನೆಯದು, ಕಿರಿಯರಿಗೆ ಒಂದು ವಾರ ವಾರ್ಡ್ ವಹಿಸಿ, ತಪ್ಪಿದಲ್ಲಿ ಪಕ್ಕದಲ್ಲಿ ನಿಂತು ತಿದ್ದುವುದು. ಇದನ್ನೆಲ್ಲ ಕಲಿಸಲು ಆಸ್ಪತ್ರೆಗಳು ಡ್ಯೂಟಿಯ ಹೊತ್ತಿನಲ್ಲೇ ಸಮಯ ಕೊಡಬೇಕು. ರಜೆಯ ದಿನ ಕರೆದರೆ ಯಾರು ಬರುತ್ತಾರೆ?

ಇನ್ನು ನಮ್ಮ ಮನೆಯ ಮಾತು. ನರ್ಸಿಂಗ್ ಕಲಿತ ನಮ್ಮ ಹೆಣ್ಣುಮಕ್ಕಳು ಊರಲ್ಲೂ ಗಲ್ಫ್‌ನಲ್ಲೂ ಇದ್ದಾರೆ. ಇನ್‌ಚಾರ್ಜ್ ಹುದ್ದೆ ಬಂತೆಂದರೆ ಮೊದಲ ತಡೆ ನಾವೇ: “ತಲೆಬಿಸಿ ಯಾಕೆ? ಡ್ಯೂಟಿ ಮುಗಿಸಿ ಮನೆಗೆ ಬಾ.” ಮಗನಿಗೆ ಪ್ರಮೋಷನ್ ಆದರೆ ಮಿಠಾಯಿ ಹಂಚುವ ನಾವು ಮಗಳಿಗೆ, ಸೊಸೆಗೆ ಹೀಗನ್ನುವುದು ಸರಿಯಾ? ಅವಳು ಎರಡು ದಿನದ ತರಬೇತಿಗೆ ಹೊರಟರೆ ಅಡುಗೆ, ಮಕ್ಕಳನ್ನು ನಾವು ನೋಡಿಕೊಳ್ಳೋಣ. ನಾಳೆ ವಾರ್ಡಿನಲ್ಲಿ ಮಲಗುವವರು ನಾವೇ ಆಗಿರಬಹುದು.